ಸಂವಿಧಾನಬದ್ಧ ಆಡಳಿತದ ಪುನಃಸ್ಥಾಪನೆ ಮತ್ತು ಉಳಿವು: ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಬದುಕು

ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರ (1909–1990) ಹೆಸರು ಕರ್ನಾಟಕದ ಸಾರ್ವಜನಿಕ ಚರಿತ್ರೆಯಲ್ಲಿ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಪ್ರಸ್ತಾಪಗೊಳ್ಳುತ್ತದೆ. 1973ರ ಏಪ್ರಿಲ್‌ನಲ್ಲಿ ತಮಗಿಂತ ಕಿರಿಯರೊಬ್ಬರನ್ನು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಹುದ್ದೆ ತ್ಯಜಿಸಿದ ಮೂವರಲ್ಲಿ ಅವರು ಒಬ್ಬರು. 1977ರ ಜುಲೈನಲ್ಲಿ, ತುರ್ತುಪರಿಸ್ಥಿತಿ ಮುಗಿದು ಹೊಸ ಸರ್ಕಾರ ಬಂದ ಮೇಲೆ, ಲೋಕಸಭೆಯ ಸಭಾಧ್ಯಕ್ಷರಾದವರೂ ಅವರೇ. ಮೊದಲನೆಯದನ್ನು ನ್ಯಾಯಾಂಗದ ಚರಿತ್ರೆಯ ಭಾಗವಾಗಿಯೂ ಎರಡನೆಯದನ್ನು ಪಕ್ಷರಾಜಕಾರಣದ ಚರಿತ್ರೆಯ ಭಾಗವಾಗಿಯೂ ಪ್ರತ್ಯೇಕವಾಗಿ ನೋಡುವುದು ರೂಢಿ. ಆದರೆ ಇವೆರಡನ್ನೂ ಒಂದೇ ಬದುಕಿನ ಎರಡು ಘಟ್ಟಗಳೆಂದು ಗ್ರಹಿಸಿದಾಗ ಬೇರೆಯದೇ ಪ್ರಶ್ನೆಯೊಂದು ಎದುರಾಗುತ್ತದೆ. ಸಂವಿಧಾನಬದ್ಧ ಆಡಳಿತವು ಒಮ್ಮೆ ಕುಸಿದ ಬಳಿಕ ಅದನ್ನು ಮರಳಿ ನಿಲ್ಲಿಸುವುದು ಸಾಧ್ಯವೇ? ನಿಲ್ಲಿಸಿದರೂ ಅದನ್ನು ಉಳಿಸಿಕೊಳ್ಳುವ ಬಲ ಎಲ್ಲಿಂದ ಬರಬೇಕು? ಬರೆದಿಟ್ಟ ಪಠ್ಯದಿಂದಲೇ, ನ್ಯಾಯಾಲಯದಿಂದಲೇ, ಜನಾದೇಶದಿಂದಲೇ? ಈ ಮೂರನ್ನೂ ಹೆಗ್ಡೆಯವರು ಹತ್ತಿರದಿಂದ ಕಂಡವರು. ಮೂರರ ಮಿತಿಯೂ ಅವರ ಬದುಕಿನ ಬೇರೆ ಬೇರೆ ಘಟ್ಟಗಳಲ್ಲಿ ಪ್ರಕಟವಾಯಿತು.

1. ಕನ್ನಡ ಕರಾವಳಿಯ ಹಿನ್ನೆಲೆ

ಹೆಗ್ಡೆಯವರು 1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದರು. ಕೌಡೂರು ಮತ್ತು ಕಾರ್ಕಳಗಳಲ್ಲಿ ಶಾಲಾ ಶಿಕ್ಷಣ ಮುಗಿಸಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಾನೂನು ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದರು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಕಾನೂನು ಪದವಿಯನ್ನೂ ಪಡೆದು ಊರಿಗೆ ಮರಳಿ ವಕೀಲಿ ವೃತ್ತಿಗೆ ನಿಂತರು. 1947ರಿಂದ 1951ರವರೆಗೆ ಸರ್ಕಾರಿ ವಕೀಲರಾಗಿಯೂ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿಯೂ ಕೆಲಸ ಮಾಡಿದರು. 1952ರಲ್ಲಿ ಕಾಂಗ್ರೆಸ್ ಸದಸ್ಯರಾಗಿ, ಆಗಿನ ಮದರಾಸು ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಈ ವೃತ್ತಿಜೀವನದ ನೆಲೆಯನ್ನು ಅರಿಯಲು ಕರಾವಳಿಯ ಭೂಸಂಬಂಧಗಳ ಸ್ವರೂಪವನ್ನು ಗಮನಿಸಬೇಕಾಗುತ್ತದೆ. ಮೂಲಗೇಣಿ, ಚಾಲಗೇಣಿ, ಅಳಿಯಸಂತಾನ ಕುಟುಂಬಗಳ ಪಾಲುಪಟ್ಟಿ ಮೊದಲಾದವು ಇಲ್ಲಿನ ವಕೀಲರಿಗೆ ದಿನನಿತ್ಯದ ವ್ಯಾಜ್ಯಗಳಾಗಿದ್ದವು. ಉಳುವವನೂ ಒಡೆಯನೂ ಬೇರೆ ಬೇರೆಯಾಗಿದ್ದ ಈ ಪದ್ಧತಿ ಕಾಸರಗೋಡಿನಿಂದ ಉಡುಪಿಯವರೆಗೂ, ಅಲ್ಲಿಂದ ಮುಂದೆ ಭಟ್ಕಳ, ಹೊನ್ನಾವರಗಳ ಗದ್ದೆಬಯಲಿನಿಂದ ಕುಮಟಾ ತಾಲ್ಲೂಕಿನ ಯಾಣದ ತಪ್ಪಲಿನವರೆಗೂ ಹಬ್ಬಿತ್ತು. ಆದರೆ ಈ ಒಂದೇ ಕರಾವಳಿಗೆ ಒಂದೇ ಕಾನೂನು ಇರಲಿಲ್ಲ. ಮದರಾಸು ಆಧಿಪತ್ಯದಲ್ಲಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ದಕ್ಷಿಣದ ಭಾಗ ಮದರಾಸಿನಲ್ಲಿಯೇ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉತ್ತರ ಕನ್ನಡವೂ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಬಂದವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಹೀಗಾಗಿ ಒಂದೇ ಬಗೆಯ ಗೇಣಿದಾರನು ಒಂದು ಕಡೆ ಮುಂಬಯಿಯ 1948ರ ಗೇಣಿ ಶಾಸನಕ್ಕೂ ಇನ್ನೊಂದು ಕಡೆ ಕೇರಳದ 1963ರ ಭೂಸುಧಾರಣಾ ಶಾಸನಕ್ಕೂ ಒಳಪಟ್ಟನು.

ಈ ಕಾನೂನುಗಳು ಬರುವುದಕ್ಕೆ ಮುನ್ನವೇ ಉತ್ತರ ಕನ್ನಡದಲ್ಲಿ ಗೇಣಿದಾರರನ್ನು ಸಂಘಟಿಸಿದವರು ಚುಟುಕು ಕವಿ ದಿನಕರ ದೇಸಾಯಿ. ಅದಕ್ಕಾಗಿ 1940ರಲ್ಲಿ ಮುಂಬಯಿ ಸರ್ಕಾರವು ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡೀಪಾರು ಮಾಡಿತು. ಸಂವಿಧಾನವೊಂದು ಇಲ್ಲದ ಕಾಲದಲ್ಲಿ ಆಡಳಿತದ ಒಂದು ಆಜ್ಞೆ ವ್ಯಕ್ತಿಯನ್ನು ಅವನ ಊರಿನಿಂದಲೇ ಹೊರಗಿಡಬಲ್ಲದಾಗಿತ್ತು ಎಂಬುದಕ್ಕೆ ಇದು ನಿದರ್ಶನ. ವ್ಯಕ್ತಿಸ್ವಾತಂತ್ರ್ಯ ಮತ್ತು ಭೂಮಿಯ ನ್ಯಾಯ ಇವೆರಡೂ ಒಂದೇ ಹೋರಾಟದ ಭಾಗವಾಗಿ ಕಂಡ ಕಾಲವದು. ಮುಂದೆ ಇವೆರಡೂ ಪರಸ್ಪರ ಎದುರಾದ ಸಂದರ್ಭವೇ ಹೆಗ್ಡೆಯವರ ಬದುಕಿನ ನಿರ್ಣಾಯಕ ಘಟ್ಟವಾಯಿತು.

2. ನ್ಯಾಯಪೀಠದಲ್ಲಿ

1957ರಲ್ಲಿ ಹೆಗ್ಡೆಯವರು ರಾಜ್ಯಸಭೆಯ ಸ್ಥಾನವನ್ನು ಬಿಟ್ಟು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1966ರ ಅಕ್ಟೋಬರ್ 31ರಂದು ಹೊಸದಾಗಿ ಸ್ಥಾಪನೆಯಾದ ದೆಹಲಿ ಉಚ್ಚ ನ್ಯಾಯಾಲಯದ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. 1967ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡರು. ಆಡಳಿತ ಪಕ್ಷದ ಸಂಸತ್ ಸದಸ್ಯರಾಗಿದ್ದವರು ನೇರವಾಗಿ ನ್ಯಾಯಪೀಠಕ್ಕೆ ಬಂದದ್ದು ಗಮನಾರ್ಹ. ಇಂಥ ಹಿನ್ನೆಲೆಯವರು ಸರ್ಕಾರದ ನಿಲುವಿಗೆ ಒಲಿಯುವರೆಂಬ ಅನುಮಾನ ಸಹಜವಾದುದೇ. ಹೆಗ್ಡೆಯವರ ತೀರ್ಪುಗಳು ಆ ಅನುಮಾನಕ್ಕೆ ಆಸ್ಪದ ಕೊಡಲಿಲ್ಲ.

ಅವರು ಬರೆದ ತೀರ್ಪುಗಳಲ್ಲಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಒಂದು 1969ರ ಕ್ರೈಪಾಕ್ ಪ್ರಕರಣದ್ದು. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ರಚಿಸಿದ್ದ ಮಂಡಳಿಯಲ್ಲಿ, ಆ ಹುದ್ದೆಗೆ ಸ್ವತಃ ಅಭ್ಯರ್ಥಿಯಾಗಿದ್ದ ಅಧಿಕಾರಿಯೊಬ್ಬರು ಸದಸ್ಯರಾಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗುಳಿದರು. ಆದರೆ ಪ್ರತಿಸ್ಪರ್ಧಿಗಳ ಹೆಸರುಗಳನ್ನು ತೂಗುವಾಗ ಸಭೆಯಲ್ಲಿದ್ದರು. ಇದು ಬರಿಯ ಆಡಳಿತಾತ್ಮಕ ಕ್ರಿಯೆ, ನ್ಯಾಯಾಲಯದ ವಿಚಾರಣೆಯ ನಿಯಮಗಳು ಇದಕ್ಕೆ ಅನ್ವಯಿಸವು ಎಂಬುದು ಸರ್ಕಾರದ ವಾದ. ಹೆಗ್ಡೆಯವರು ಪೀಠದ ಪರವಾಗಿ ಬರೆದ ತೀರ್ಪಿನಲ್ಲಿ ಆ ವಾದವನ್ನು ತಳ್ಳಿಹಾಕಿ ಆಯ್ಕೆಯನ್ನು ರದ್ದುಪಡಿಸಿದರು. ಆಡಳಿತದ ಅಧಿಕಾರಕ್ಕೂ ನ್ಯಾಯನಿರ್ಣಯದ ಅಧಿಕಾರಕ್ಕೂ ನಡುವಿನ ಗೆರೆ ತೆಳುವಾಗುತ್ತಿದೆ ಎಂಬುದನ್ನು ಗುರುತಿಸಿ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ಸಹಜ ನ್ಯಾಯದ ತತ್ತ್ವವನ್ನು ಎರಡಕ್ಕೂ ವಿಸ್ತರಿಸಿದ್ದು ಈ ತೀರ್ಪಿನ ಹೆಚ್ಚುಗಾರಿಕೆ. ಪಕ್ಷಪಾತ ನಡೆಯಿತೆಂದು ಸಾಬೀತಾಗಬೇಕಿಲ್ಲ, ಅದಕ್ಕೆ ಸಕಾರಣವಾದ ಸಂಭವವಿದ್ದರೆ ಸಾಕು ಎಂಬುದು ಅದರ ತಿರುಳು.

1970ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಕಾನೂನನ್ನೂ ಮಾಜಿ ಅರಸರ ರಾಜಧನವನ್ನು ನಿಲ್ಲಿಸಿದ ಆಜ್ಞೆಯನ್ನೂ ರದ್ದುಪಡಿಸಿದ 11 ಜನರ ಪೀಠಗಳಲ್ಲಿ ಹೆಗ್ಡೆಯವರು ಬಹುಮತದ ಕಡೆಗಿದ್ದರು. ಎರಡರಲ್ಲಿಯೂ ಭಿನ್ನ ತೀರ್ಪು ಕೊಟ್ಟವರು ನ್ಯಾಯಮೂರ್ತಿ ಎ.ಎನ್. ರೇ. ಸಮಾಜವಾದಿ ಕಾರ್ಯಕ್ರಮಗಳಿಗೆ ನ್ಯಾಯಾಲಯ ಅಡ್ಡಿಯಾಗಿದೆ ಎಂಬ ಟೀಕೆ ಆಗ ಬಲವಾಯಿತು. ಆದರೆ ಹೆಗ್ಡೆಯವರನ್ನು ಆಸ್ತಿವಂತರ ಪಕ್ಷಪಾತಿ ಎಂದು ಸರಳೀಕರಿಸುವುದು ಕಷ್ಟ. ಮಂಗಳೂರಿನ ಮೂಲದ, ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರ ಸ್ಮಾರಕ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು. ಹಕ್ಕುಗಳೂ ನಿರ್ದೇಶಕ ತತ್ತ್ವಗಳೂ ಒಂದನ್ನೊಂದು ನುಂಗದೆ ಕೂಡಿ ಬಾಳಬೇಕೆಂಬುದು ಅವರ ಚಿಂತನೆಯ ದಿಕ್ಕಾಗಿತ್ತು.

3. ಎಡನೀರಿನ ಅರ್ಜಿ

ಕರಾವಳಿಯ ಭೂಮಿಯ ಪ್ರಶ್ನೆ ಮತ್ತೆ ಹೆಗ್ಡೆಯವರ ಮುಂದೆ ಬಂದದ್ದು ಕಾಸರಗೋಡಿನ ಕಡೆಯಿಂದ. ಕಾಸರಗೋಡಿನ ಸಮೀಪದ ಎಡನೀರು ಮಠ ಕನ್ನಡ ಸಂಸ್ಕೃತಿ, ಯಕ್ಷಗಾನ, ಸಂಗೀತಗಳಿಗೆ ಆಶ್ರಯ ನೀಡಿದ ಪೀಠ. ಅದರ ಅಧಿಪತಿ ಕೇಶವಾನಂದ ಭಾರತೀ ಸ್ವಾಮಿಗಳು 1970ರ ಮಾರ್ಚ್‌ನಲ್ಲಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ಬಾಕಿಯಿರುವಾಗಲೇ ಸಂಸತ್ತು ಸಂವಿಧಾನದ 24, 25 ಮತ್ತು 29ನೆಯ ತಿದ್ದುಪಡಿಗಳನ್ನು ಅಂಗೀಕರಿಸಿತು. ಮೂಲಭೂತ ಹಕ್ಕುಗಳನ್ನು ತಿದ್ದುವ ಅಧಿಕಾರ ಸಂಸತ್ತಿಗಿಲ್ಲವೆಂದು 1967ರ ಗೋಲಕ್‌ನಾಥ್ ಪ್ರಕರಣದಲ್ಲಿ ಬಂದಿದ್ದ ತೀರ್ಪನ್ನು ಮೊದಲನೆಯದು ನಿಷ್ಫಲಗೊಳಿಸಿತು. ಕೊನೆಯದು ಕೇರಳದ ಭೂಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಹೀಗೆ ಒಂದು ಮಠದ ಜಮೀನಿನ ವ್ಯಾಜ್ಯವು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದೆಂಬ ಪ್ರಶ್ನೆಯಾಗಿ ಬೆಳೆಯಿತು.

13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿತು. ಅರ್ಜಿದಾರರ ಪರವಾಗಿ ನಾನಿ ಪಾಲ್ಖೀವಾಲಾ, ಕೇರಳ ಸರ್ಕಾರದ ಪರವಾಗಿ ಎಚ್.ಎಂ. ಸೀರ್ವಾಯಿ ವಾದಿಸಿದರು. 1973ರ ಏಪ್ರಿಲ್ 24ರಂದು ಏಳು ಮತ್ತು ಆರರ ಅಂತರದಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಬಹುಮತದ ನಿರ್ಣಯ. ಹೆಗ್ಡೆ ಮತ್ತು ಎ.ಕೆ. ಮುಖರ್ಜಿಯಾ ಜಂಟಿಯಾಗಿ ಬರೆದ ತೀರ್ಪು ಈ ಬಹುಮತದ ಭಾಗ. ದೇಶದ ಸಾರ್ವಭೌಮತೆ, ರಾಜ್ಯವ್ಯವಸ್ಥೆಯ ಪ್ರಜಾಸತ್ತಾತ್ಮಕ ಸ್ವರೂಪ, ದೇಶದ ಏಕತೆ, ವ್ಯಕ್ತಿಸ್ವಾತಂತ್ರ್ಯದ ಮುಖ್ಯಾಂಶಗಳು ಇವನ್ನು ಸಂಸತ್ತು ಅಳಿಸಲಾರದೆಂದು ಅವರು ಕಂಡರು. ಅದರ ಜೊತೆಯಲ್ಲಿಯೇ ಕಲ್ಯಾಣರಾಜ್ಯವನ್ನೂ ಸಮಾನತೆಯ ಸಮಾಜವನ್ನೂ ಕಟ್ಟಬೇಕೆಂಬ ಆದೇಶವನ್ನು ಹಿಂತೆಗೆಯುವ ಅಧಿಕಾರವೂ ಸಂಸತ್ತಿಗಿಲ್ಲವೆಂದು ಸೇರಿಸಿದರು. ಈ ಕೊನೆಯ ಅಂಶ ಹಲವು ವಿವರಣೆಗಳಲ್ಲಿ ಬಿಟ್ಟುಹೋಗಿದೆ. ಆದರೆ ಕರಾವಳಿಯ ಭೂಚರಿತ್ರೆಯ ಹಿನ್ನೆಲೆಯಲ್ಲಿ ಅದಕ್ಕೆ ವಿಶೇಷ ಮಹತ್ವವಿದೆ. ಸ್ವಾತಂತ್ರ್ಯವೂ ಸಮಾನತೆಯೂ ಸಂವಿಧಾನದ ಅಡಿಪಾಯದಲ್ಲಿ ಒಟ್ಟಿಗೇ ಇವೆ ಎಂಬ ನಿಲುವು ಅದರಲ್ಲಿದೆ. ಮಠಕ್ಕೆ ಈ ತೀರ್ಪಿನಿಂದ ಜಮೀನು ಉಳಿಯಲಿಲ್ಲ. ಸ್ವಾಮಿಗಳ ಹೆಸರು ಮಾತ್ರ ಸಂವಿಧಾನದ ಚರಿತ್ರೆಯಲ್ಲಿ ಸ್ಥಿರವಾಯಿತು.

4. ರೂಢಿಯ ಭಂಗ

ತೀರ್ಪು ಬಂದ ಮರುದಿನ ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಿವೃತ್ತರಾದರು. ಜ್ಯೇಷ್ಠತೆಯ ಕ್ರಮದಲ್ಲಿ ಜೆ.ಎಂ. ಶೆಲಾತ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಮೊದಲ ಮೂವರು. ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಸರ್ಕಾರ ನೇಮಿಸಿತು. ಏಪ್ರಿಲ್ 26ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಮೂವರು ಹಿರಿಯರೂ ರಾಜೀನಾಮೆ ನೀಡಿದರು. ಮೂವರೂ ಬಹುಮತದ ಕಡೆಗಿದ್ದವರು, ರೇ ಅವರು ಅಲ್ಪಮತದ ಕಡೆಗಿದ್ದವರು ಎಂಬುದು ಯಾರಿಗೂ ಅರ್ಥವಾಗದೆ ಇರಲಿಲ್ಲ. ಸಚಿವ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ಈ ನೇಮಕವನ್ನು ಸಮರ್ಥಿಸುತ್ತ, ನ್ಯಾಯಮೂರ್ತಿಯ ತಾತ್ವಿಕ ದೃಷ್ಟಿಯನ್ನು ಪರಿಗಣಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ಪ್ರತಿಪಾದಿಸಿದರು. ಹೆಗ್ಡೆಯವರ ವಿಷಯದಲ್ಲಿ ಇನ್ನೊಂದು ಕಾರಣವನ್ನೂ ಊಹಿಸಿದವರಿದ್ದಾರೆ. ಇಂದಿರಾ ಗಾಂಧಿಯವರ ಚುನಾವಣೆಯನ್ನು ಪ್ರಶ್ನಿಸಿ ರಾಜ್ ನಾರಾಯಣ್ ಹೂಡಿದ್ದ ದಾವೆಯ ಪ್ರಾಥಮಿಕ ಹಂತದಲ್ಲಿ, 1972ರಲ್ಲಿ, ಅರ್ಜಿದಾರರಿಗೆ ಅನುಕೂಲವಾದ ತೀರ್ಪನ್ನು ಬರೆದವರು ಹೆಗ್ಡೆ. ಆ ದಾವೆಯೇ 1975ರ ಜೂನ್ 12ರಂದು ಅಲಹಾಬಾದಿನ ತೀರ್ಪಿಗೆ ದಾರಿಯಾಯಿತು.

ಕಾನೂನಿನ ದೃಷ್ಟಿಯಿಂದ ನೋಡಿದರೆ 1973ರ ನೇಮಕದಲ್ಲಿ ಸಂವಿಧಾನದ ಯಾವ ವಿಧಿಯೂ ಮುರಿಯಲಿಲ್ಲ. ಹಿರಿಯರನ್ನೇ ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಬೇಕೆಂದು ಪಠ್ಯದಲ್ಲಿ ಎಲ್ಲಿಯೂ ಹೇಳಿಲ್ಲ. ಮುರಿದದ್ದು ಬರೆಯದ ಒಂದು ರೂಢಿ. ಎರಡು ದಿನಗಳ ಹಿಂದೆ ನ್ಯಾಯಾಲಯವು ಪಠ್ಯದ ಮೂಲ ಸ್ವರೂಪಕ್ಕೆ ರಕ್ಷಣೆ ನೀಡಿತ್ತು. ಆ ರಕ್ಷಣೆ ನೀಡುವ ಸಂಸ್ಥೆಯ ರಕ್ಷಣೆಯೇ ಪಠ್ಯದ ಹೊರಗಿನ ರೂಢಿಯೊಂದನ್ನು ಅವಲಂಬಿಸಿತ್ತು ಎಂಬುದು ಈ ಘಟನೆಯಿಂದ ಬಯಲಾಯಿತು. ರಾಜೀನಾಮೆಯ ನಂತರ ಹೆಗ್ಡೆಯವರು ನ್ಯಾಯಾಂಗದ ಬಿಕ್ಕಟ್ಟನ್ನು ಕುರಿತು ಪುಸ್ತಕ ಪ್ರಕಟಿಸಿದರು, ಸಾರ್ವಜನಿಕ ವೇದಿಕೆಗಳಲ್ಲಿ ಮಾತನಾಡಿದರು. ನ್ಯಾಯಪೀಠದ ಮೌನವನ್ನು ಬಿಟ್ಟು ಅವರು ಮರಳಿ ಸಾರ್ವಜನಿಕ ವಾಗ್ವಾದಕ್ಕೆ ಬಂದದ್ದು ಹೀಗೆ.

5. ತುರ್ತುಪರಿಸ್ಥಿತಿ ಮತ್ತು ಗೇಣಿದಾರನ ಪ್ರಶ್ನೆ

1975ರ ಜೂನ್ 25ರ ರಾತ್ರಿ ಆಂತರಿಕ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಪಕ್ಷಾಂತರ ನಿಷೇಧ ಮಸೂದೆಯ ಜಂಟಿ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮರುದಿನ ಅಲ್ಲಿಯೇ ಬಂಧಿತರಾದರು. ಇಂಥ ಬಂಧನಗಳನ್ನು ಪ್ರಶ್ನಿಸಿದ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದೆಂದು ಹೇಳಿದ ಉಚ್ಚ ನ್ಯಾಯಾಲಯಗಳಲ್ಲಿ ಕರ್ನಾಟಕದ್ದೂ ಒಂದು. ಸರ್ವೋಚ್ಚ ನ್ಯಾಯಾಲಯವು 1976ರ ಏಪ್ರಿಲ್ 28ರಂದು ನಾಲ್ಕು ಮತ್ತು ಒಂದರ ಬಹುಮತದಿಂದ ಆ ದಾರಿಯನ್ನು ಮುಚ್ಚಿತು. ಬಹುಮತದ ಪೀಠದ ನೇತೃತ್ವ ಎ.ಎನ್. ರೇ ಅವರದು. ಒಬ್ಬಂಟಿಯಾಗಿ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಅವರ ಜ್ಯೇಷ್ಠತೆಯನ್ನು 1977ರ ಜನವರಿಯಲ್ಲಿ ಕಡೆಗಣಿಸಲಾಯಿತು. ಅವರೂ ರಾಜೀನಾಮೆ ನೀಡಿದರು. 1973ರಲ್ಲಿ ಒಮ್ಮೆ ಮುರಿದ ರೂಢಿಯನ್ನು ಎರಡನೆಯ ಸಲ ಮುರಿಯುವುದು ಸುಲಭವಾಗಿತ್ತು.

ಇದೇ ಅವಧಿಯಲ್ಲಿ 39ನೆಯ ತಿದ್ದುಪಡಿಯು ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಟ್ಟಿತು. 1975ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಭಾಗವನ್ನು ಮೂಲ ಸ್ವರೂಪದ ತತ್ತ್ವದ ಆಧಾರದಿಂದಲೇ ರದ್ದುಪಡಿಸಿತು. ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು ರೇ ಅವರು ಸೇರಿಸಿದ 13 ಜನರ ಪೀಠವು ಮೂರನೆಯ ದಿನ ವಿಸರ್ಜನೆಗೊಂಡಿತು. ತತ್ತ್ವ ಉಳಿಯಿತು. ಆದರೆ ಸೆರೆಮನೆಯಲ್ಲಿದ್ದವನಿಗೆ ಅದರಿಂದ ಬಿಡುಗಡೆ ದೊರೆಯಲಿಲ್ಲ. ಕನ್ನಡ ಸಾಹಿತ್ಯಲೋಕದಲ್ಲಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದ್ದು ಈ ಕಾಲದ ಪ್ರತಿಭಟನೆಗಳಲ್ಲಿ ಪ್ರಮುಖವಾದುದು.

ಆದರೆ ಕರ್ನಾಟಕದ ಕರಾವಳಿಯ ಅನುಭವ ಇಷ್ಟೇ ಆಗಿರಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಶಾಸನವು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಜಮೀನು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಡಿಕ್ಲರೇಷನ್ ಸಲ್ಲಿಸಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯುವ ವ್ಯವಸ್ಥೆಯಾಯಿತು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಹೊನ್ನಾವರದ ಗೇಣಿದಾರನೂ ಕಾರ್ಕಳದ ಗೇಣಿದಾರನೂ ಮೊದಲ ಸಲ ಒಂದೇ ಕಾನೂನಿನ ಕೆಳಗೆ ಒಡೆಯನ ಸಮಕ್ಕೆ ನಿಂತರು. ಮಂಡಳಿಗಳು ಕೆಲಸಕ್ಕೆ ತೊಡಗಿದ ಕಾಲವೂ ತುರ್ತುಪರಿಸ್ಥಿತಿಯ ಕಾಲವೂ ಬಹುಮಟ್ಟಿಗೆ ಒಂದೇ. ನಗರದ ವಕೀಲನಿಗೆ ಸಂವಿಧಾನ ಸ್ತಬ್ಧವಾದಂತೆ ಕಂಡ ದಿನಗಳಲ್ಲಿ ಗೇಣಿದಾರನಿಗೆ ಅದೇ ಸಂವಿಧಾನದ ನಿರ್ದೇಶಕ ತತ್ತ್ವಗಳು ಚಲಿಸಲು ಆರಂಭಿಸಿದಂತೆ ಕಂಡಿರಬಹುದು.

1977ರ ಮಾರ್ಚ್‌ನ ಚುನಾವಣೆಯ ಫಲಿತಾಂಶ ಈ ವೈರುಧ್ಯವನ್ನು ಸ್ಪಷ್ಟಪಡಿಸುತ್ತದೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕುಸಿಯಿತು. ಕರ್ನಾಟಕದ 28 ಸ್ಥಾನಗಳಲ್ಲಿ ಅದು 26ನ್ನು ಗೆದ್ದಿತು. ಕರಾವಳಿಯ ಮೂರು ಕ್ಷೇತ್ರಗಳೂ ಅದರ ಪಾಲಾದವು. ಉಳಿದ ಎರಡು ಸ್ಥಾನಗಳಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಜನತಾ ಅಭ್ಯರ್ಥಿಯಾಗಿ ಗೆದ್ದವರು ಹೆಗ್ಡೆ. ಅಂದರೆ, ಸಂವಿಧಾನವನ್ನು ಮರಳಿ ಸ್ಥಾಪಿಸುವ ಜನಾದೇಶ ದೇಶದಲ್ಲಿ ದೊರೆತಾಗ, ಹೆಗ್ಡೆಯವರ ಸ್ವಂತ ನೆಲವಾದ ಕರಾವಳಿ ಆ ಆದೇಶದಲ್ಲಿ ಪಾಲುಗೊಳ್ಳಲಿಲ್ಲ. ಇದನ್ನು ಅಜ್ಞಾನವೆಂದೋ ವ್ಯಕ್ತಿಪೂಜೆಯೆಂದೋ ಬದಿಗಿಡುವುದು ಸರಿಯಲ್ಲ. ಸ್ವಾತಂತ್ರ್ಯದ ರಕ್ಷಣೆಯು ಆಸ್ತಿಯ ರಕ್ಷಣೆಯೊಂದಿಗೆ ತಳುಕು ಹಾಕಿಕೊಂಡಿರುವವರೆಗೆ ಭೂಹೀನನು ಅದನ್ನು ತನ್ನದೆಂದು ಏಕೆ ಭಾವಿಸಬೇಕು ಎಂಬ ಪ್ರಶ್ನೆ ಅದರಲ್ಲಿದೆ.

6. ಪುನಃಸ್ಥಾಪನೆಯ ಸಭೆ

ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಲು ರಾಜೀನಾಮೆ ನೀಡಿದ್ದರಿಂದ, 1977ರ ಜುಲೈ 21ರಂದು ಹೆಗ್ಡೆಯವರು ಆ ಪೀಠಕ್ಕೆ ಬಂದರು. ಅವರ ಅಧ್ಯಕ್ಷತೆಯ ಸದನದಲ್ಲಿಯೇ ಪುನಃಸ್ಥಾಪನೆಯ ಶಾಸನಕಾರ್ಯ ನಡೆಯಿತು. 43ನೆಯ ತಿದ್ದುಪಡಿಯು ನ್ಯಾಯಾಲಯಗಳು ಕಳೆದುಕೊಂಡಿದ್ದ ಅಧಿಕಾರವನ್ನು ಹಿಂದಿರುಗಿಸಿತು. 44ನೆಯ ತಿದ್ದುಪಡಿ ಇನ್ನೂ ಆಳವಾದುದು. ತುರ್ತುಪರಿಸ್ಥಿತಿಗೆ ಆಧಾರವಾಗಿದ್ದ ಆಂತರಿಕ ಗಲಭೆ ಎಂಬ ಮಾತಿನ ಸ್ಥಾನದಲ್ಲಿ ಸಶಸ್ತ್ರ ಬಂಡಾಯ ಎಂಬ ಮಾತು ಬಂದಿತು. ಸಚಿವ ಸಂಪುಟದ ಲಿಖಿತ ನಿರ್ಣಯ ಕಡ್ಡಾಯವಾಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡುವಂತಿಲ್ಲವೆಂದಾಯಿತು. ಲೋಕಸಭೆಯ ಅವಧಿ ಆರು ವರ್ಷದಿಂದ ಐದಕ್ಕೆ ಮರಳಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದು ಸಾಮಾನ್ಯ ಸಾಂವಿಧಾನಿಕ ಹಕ್ಕಾಯಿತು. ಈ ಕೊನೆಯ ಬದಲಾವಣೆಯು ಕರಾವಳಿಯ ಗೇಣಿದಾರನ ಪ್ರಶ್ನೆಗೆ ತಡವಾಗಿ ಬಂದ ಉತ್ತರದಂತಿದೆ. ಸ್ವಾತಂತ್ರ್ಯವನ್ನು ಬಲಪಡಿಸಿದ ತಿದ್ದುಪಡಿಯೇ ಅದನ್ನು ಆಸ್ತಿಯಿಂದ ಬಿಡಿಸಿತು.

ಆದರೆ ಪುನಃಸ್ಥಾಪನೆ ಪೂರ್ಣವಾಗಲಿಲ್ಲ. ಸಂವಿಧಾನದ ಮೂಲ ಲಕ್ಷಣಗಳಿಗೆ ಧಕ್ಕೆ ತರುವ ತಿದ್ದುಪಡಿಗಳಿಗೆ ಜನಮತಗಣನೆ ಬೇಕೆಂಬ ಪ್ರಸ್ತಾವವನ್ನು ಲೋಕಸಭೆ ಒಪ್ಪಿದರೂ, ಕಾಂಗ್ರೆಸ್ ಪ್ರಬಲವಾಗಿದ್ದ ರಾಜ್ಯಸಭೆ 1978ರ ಆಗಸ್ಟ್‌ನಲ್ಲಿ ಅದನ್ನು ಕೈಬಿಟ್ಟಿತು. ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು 42ನೆಯ ತಿದ್ದುಪಡಿ ಸೇರಿಸಿದ್ದ ಉಪವಿಧಿಗಳು ಹಾಗೆಯೇ ಉಳಿದವು. ಅವನ್ನು ತೆಗೆದುಹಾಕಿದ್ದು 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ಸ್ ಪ್ರಕರಣದ ತೀರ್ಪು. ನ್ಯಾಯಾಲಯ ಮಾಡಲಾಗದ್ದನ್ನು ಸಂಸತ್ತು, ಸಂಸತ್ತು ಮಾಡಲಾಗದ್ದನ್ನು ನ್ಯಾಯಾಲಯ ಮಾಡಿದ ಕಾಲವಿದು.

ರೂಢಿಯ ವಿಷಯದಲ್ಲಿಯೂ ಒಂದು ಪರೀಕ್ಷೆ ಎದುರಾಯಿತು. 1978ರ ಫೆಬ್ರವರಿಯಲ್ಲಿ ಜ್ಯೇಷ್ಠತೆಯ ಪ್ರಕಾರ ಮುಖ್ಯ ನ್ಯಾಯಮೂರ್ತಿಯಾಗಬೇಕಿದ್ದವರು ವೈ.ವಿ. ಚಂದ್ರಚೂಡ್. 1976ರಲ್ಲಿ ಹೇಬಿಯಸ್ ಕಾರ್ಪಸ್ಸಿನ ದಾರಿ ಮುಚ್ಚಿದ ಬಹುಮತದಲ್ಲಿ ಅವರಿದ್ದರು. ಅವರನ್ನು ಕಡೆಗಣಿಸಬೇಕೆಂಬ ಒತ್ತಾಯ ಕೇಳಿಬಂದಿತು. ಸರ್ಕಾರ ಅದಕ್ಕೆ ಮಣಿಯದೆ ಅವರನ್ನೇ ನೇಮಿಸಿತು. ತಮಗೆ ಅನ್ಯಾಯವಾದ ತೀರ್ಪಿನ ಪಾಲುದಾರರಿಗೂ ರೂಢಿಯ ಪ್ರಯೋಜನ ಸಿಗುವಂತೆ ಬಿಟ್ಟದ್ದು ಪುನಃಸ್ಥಾಪನೆಯ ಕಾಲದ ಗಟ್ಟಿಯಾದ ನಡೆಗಳಲ್ಲಿ ಒಂದೆಂದು ಪರಿಗಣಿಸಬಹುದು.

ಅದೇ ಸಂಯಮ ಎಲ್ಲೆಡೆ ಕಾಣಲಿಲ್ಲ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಬಂದರು. ಡಿಸೆಂಬರ್ 19ರಂದು ಸದನವು ಅವರನ್ನು ಹಕ್ಕುಚ್ಯುತಿಯ ಕಾರಣಕ್ಕೆ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆವಾಸ ವಿಧಿಸಿತು. ಮಾರುತಿ ಸಂಸ್ಥೆಯನ್ನು ಕುರಿತ ಸಂಸತ್ತಿನ ಪ್ರಶ್ನೆಗೆ 1975ರಲ್ಲಿ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬುದು ಆರೋಪ. ಸದನಕ್ಕೆ ಅಂಥ ಅಧಿಕಾರ ಇರಲಿಲ್ಲವೆನ್ನಲಾಗದು. ಆದರೆ ತೀರ್ಪಿಗೆ ಕುಳಿತ ಬಹುಮತದಲ್ಲಿ ಆರೋಪಿಯ ಸರ್ಕಾರವೇ ಸೆರೆಗೆ ತಳ್ಳಿದ್ದವರೂ ಇದ್ದರು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ತತ್ತ್ವವನ್ನು ಆಡಳಿತದ ಮೂಲೆಮೂಲೆಗೂ ಒಯ್ದ ಕ್ರೈಪಾಕ್ ತೀರ್ಪಿನ ಕರ್ತೃವೇ ಆ ಸದನದ ಸಭಾಧ್ಯಕ್ಷರಾಗಿದ್ದರು. ಸಭಾಧ್ಯಕ್ಷನು ನ್ಯಾಯಾಧೀಶನಲ್ಲ, ಸದನದ ನಿರ್ಣಯವನ್ನು ತಡೆಯುವ ಅಧಿಕಾರ ಅವನಿಗಿಲ್ಲ ಎಂಬುದು ನಿಜ. ಆದರೂ ಮರಳಿ ಸ್ಥಾಪನೆಗೊಂಡ ವ್ಯವಸ್ಥೆಯು ತನ್ನ ವಿರೋಧಿಯ ವಿಷಯದಲ್ಲಿ ಪಾಲಿಸಬೇಕಾದ ಮಿತಿಯನ್ನು ಹೆಗ್ಡೆಯವರ 1969ರ ತೀರ್ಪಿನಿಂದಲೇ ಅಳೆಯಬಹುದಾಗಿದೆ. ಆ ಅಳತೆಯಲ್ಲಿ ಸದನದ ನಿರ್ಣಯ ಗೆಲ್ಲುವುದು ಕಷ್ಟ. 1981ರ ಮೇ 7ರಂದು ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಪಡಿಸಿತು. ಅದೂ ಒಂದು ಬಹುಮತದ ನಿರ್ಣಯವೇ ಆಗಿತ್ತು.

7. ಉಳಿವಿನ ಪ್ರಶ್ನೆ

1979ರ ಜುಲೈನಲ್ಲಿ ಜನತಾ ಪಕ್ಷ ಒಡೆಯಿತು. ಪಕ್ಷಾಂತರಗಳ ನಡುವೆ ಮೊರಾರ್ಜಿ ದೇಸಾಯಿ ರಾಜೀನಾಮೆ ನೀಡಿದರು. ಚರಣ್ ಸಿಂಗ್ ಸರ್ಕಾರ ಸದನವನ್ನು ಎದುರಿಸದೆಯೇ ಆಗಸ್ಟ್ 20ರಂದು ರಾಜೀನಾಮೆ ನೀಡಿತು. ಎರಡು ದಿನಗಳ ನಂತರ ಲೋಕಸಭೆ ವಿಸರ್ಜನೆಗೊಂಡಿತು. 1975ರಲ್ಲಿ ಬೆಂಗಳೂರಿನಲ್ಲಿ ಬಂಧನದಿಂದ ಕಡಿದುಹೋದ ಸಮಿತಿಯ ಕೆಲಸವಾದ ಪಕ್ಷಾಂತರ ನಿಷೇಧ, ಅದನ್ನು ಮುಂದುವರಿಸಬಹುದಾಗಿದ್ದವರ ಕೈಯಲ್ಲಿಯೂ ಕಾನೂನಾಗಲಿಲ್ಲ. ಅದು ಬಂದದ್ದು 1985ರಲ್ಲಿ. ಸಂವಿಧಾನವನ್ನು ಮರಳಿ ಸ್ಥಾಪಿಸಲು ಬಂದ ಸಭೆಯು ತನ್ನ ಅವಧಿಯನ್ನು ಪೂರೈಸಲಾರದೆ ಹೋದದ್ದರಿಂದ, ಸಂಸದೀಯ ವ್ಯವಸ್ಥೆಯ ಬಗ್ಗೆಯೇ ಸಂದೇಹ ಹುಟ್ಟಿತು. ಹೆಗ್ಡೆಯವರು ನಿಯಮದಂತೆ ಹೊಸ ಲೋಕಸಭೆ ಸೇರುವವರೆಗೆ, 1980ರ ಜನವರಿ 21ರವರೆಗೆ, ಸಭಾಧ್ಯಕ್ಷ ಪೀಠದಲ್ಲಿ ಮುಂದುವರಿದರು.

ಆ ಬಳಿಕ ಅವರು 1980ರಲ್ಲಿ ಸ್ಥಾಪನೆಯಾದ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಲ್ಲಿ ಒಬ್ಬರಾಗಿ ಕೆಲವು ವರ್ಷ ಕೆಲಸ ಮಾಡಿದರು. ನ್ಯಾಯಪೀಠವನ್ನು ಬಿಟ್ಟವರು ಪಕ್ಷರಾಜಕಾರಣಕ್ಕೆ ಮರಳಬಹುದೇ ಎಂಬ ಪ್ರಶ್ನೆ ಅವರ ವಿಷಯದಲ್ಲಿಯೂ ಏಳುತ್ತದೆ. ನ್ಯಾಯಾಂಗದ ಸ್ವಾತಂತ್ರ್ಯಕ್ಕಾಗಿ ರಾಜೀನಾಮೆ ನೀಡಿದ ವ್ಯಕ್ತಿಯ ಬದುಕಿನಲ್ಲಿ ಈ ಪ್ರಶ್ನೆಗೆ ಸುಲಭದ ಸಮಾಧಾನವಿಲ್ಲ. ಇನ್ನೊಂದು ಕಡೆ ಅವರ ಗಮನ ಹುಟ್ಟಿದ ತಾಲ್ಲೂಕಿನತ್ತ ತಿರುಗಿತ್ತು. 1979ರಲ್ಲಿ ಕಾರ್ಕಳದ ಸಮೀಪ ನಿಟ್ಟೆಯಲ್ಲಿ ಅವರು ಆರಂಭಿಸಿದ ಶಿಕ್ಷಣ ಪ್ರತಿಷ್ಠಾನವು ಗ್ರಾಮೀಣ ಪ್ರದೇಶದಿಂದ ಬೆಳೆದು ಮುಂದೆ ವಿಶ್ವವಿದ್ಯಾನಿಲಯವಾಯಿತು. 1990ರ ಮೇ 24ರಂದು ಹೆಗ್ಡೆಯವರು ನಿಧನರಾದರು. ಅವರ ಮಗ ಎನ್. ಸಂತೋಷ್ ಹೆಗ್ಡೆ 1999ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ, ಅನಂತರ ಕರ್ನಾಟಕದ ಲೋಕಾಯುಕ್ತರಾಗಿ ಸೇವೆ ಸಲ್ಲಿಸಿದರು.

ಹೆಗ್ಡೆಯವರ ನಿಧನದ ನಂತರದ ಬೆಳವಣಿಗೆಗಳು ಅವರ ಬದುಕಿನ ಪ್ರಶ್ನೆಗಳನ್ನು ಮುಂದುವರಿಸಿವೆ. 1973ರಲ್ಲಿ ಸರ್ಕಾರದ ಕೈಯಲ್ಲಿದ್ದ ನ್ಯಾಯಮೂರ್ತಿಗಳ ಆಯ್ಕೆಯ ನಿರ್ಣಾಯಕ ಅಧಿಕಾರ 1993ರ ತೀರ್ಪಿನಿಂದ ಹಿರಿಯ ನ್ಯಾಯಮೂರ್ತಿಗಳ ಮಂಡಳಿಗೆ ಬಂದಿತು. ಅದನ್ನು ಬದಲಿಸಲು ತಂದ ತಿದ್ದುಪಡಿಯನ್ನು 2015ರಲ್ಲಿ ಮೂಲ ಸ್ವರೂಪದ ಆಧಾರದಿಂದಲೇ ರದ್ದುಪಡಿಸಲಾಯಿತು. ನ್ಯಾಯಾಂಗವೇ ನ್ಯಾಯಾಂಗವನ್ನು ಆರಿಸುವುದು ಕ್ರೈಪಾಕ್ ತೀರ್ಪಿನ ತತ್ತ್ವಕ್ಕೆ ಎಷ್ಟು ಒಪ್ಪುತ್ತದೆ ಎಂಬ ಚರ್ಚೆ ನಿಂತಿಲ್ಲ. 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣವು ರಾಜ್ಯ ಸರ್ಕಾರಗಳ ವಜಾವನ್ನು ನ್ಯಾಯಾಲಯದ ಪರಿಶೀಲನೆಗೆ ಒಳಪಡಿಸಿತು. 1976ರ ಹೇಬಿಯಸ್ ಕಾರ್ಪಸ್ ತೀರ್ಪನ್ನು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ತೀರ್ಪಿನಲ್ಲಿ, ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ತಳ್ಳಿಹಾಕಿತು. ತಪ್ಪನ್ನು ತಿದ್ದಲು 41 ವರ್ಷ ಬೇಕಾಯಿತು.

ಈ ಎಲ್ಲದರ ನಡುವೆ ಹೆಗ್ಡೆಯವರ ಅಧ್ಯಕ್ಷತೆಯ ಲೋಕಸಭೆ ಅಂಗೀಕರಿಸಿದ 44ನೆಯ ತಿದ್ದುಪಡಿಯ ಒಂದು ಭಾಗವನ್ನು ವಿಶೇಷವಾಗಿ ನೆನೆಯಬೇಕಾಗುತ್ತದೆ. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ವಿಚಾರಣೆಯಿಲ್ಲದ ಬಂಧನದಲ್ಲಿಡಬಹುದಾದ ಅವಧಿಯನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸಿ, ಸಲಹಾ ಮಂಡಳಿಗಳ ರಚನೆಯನ್ನು ಬಿಗಿಗೊಳಿಸುವ ಅದರ ಮೂರನೆಯ ಪ್ರಕರಣವನ್ನು ಜಾರಿಗೆ ತರುವ ದಿನಾಂಕವನ್ನು ನಿಗದಿಪಡಿಸುವ ಹೊಣೆಯನ್ನು ಕೇಂದ್ರ ಸರ್ಕಾರಕ್ಕೆ ಬಿಡಲಾಗಿತ್ತು. ಎರಡೂ ಸದನಗಳು ಒಪ್ಪಿ, 1979ರ ಏಪ್ರಿಲ್ 30ರಂದು ರಾಷ್ಟ್ರಪತಿಯ ಅಂಕಿತ ಪಡೆದ ಆ ಪ್ರಕರಣಕ್ಕೆ ಆ ದಿನಾಂಕ ಇನ್ನೂ ನಿಗದಿಯಾಗಿಲ್ಲ. ಅಂದಿನಿಂದ ಎಲ್ಲ ಮುಖ್ಯ ಪಕ್ಷಗಳೂ ಒಂದಲ್ಲ ಒಂದು ಕಾಲದಲ್ಲಿ ಕೇಂದ್ರದ ಅಧಿಕಾರದಲ್ಲಿ ಪಾಲು ಪಡೆದಿವೆ. 1981ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರವನ್ನು ಇದಕ್ಕಾಗಿ ಬಲವಂತಪಡಿಸಲು ಒಪ್ಪಲಿಲ್ಲ. ಪಠ್ಯವಿದೆ, ಜನಪ್ರತಿನಿಧಿಗಳ ಒಪ್ಪಿಗೆಯಿದೆ, ನ್ಯಾಯಾಲಯವೂ ಇದೆ. ತನ್ನ ಕೈಯಲ್ಲಿರುವ ಅಧಿಕಾರವನ್ನು ತಾನೇ ಕುಗ್ಗಿಸಿಕೊಳ್ಳಲು ಸಿದ್ಧವಿರುವ ಸರ್ಕಾರ ಮಾತ್ರ ಬರಬೇಕಾಗಿದೆ. ಕೌಡೂರಿನ ಸದಾನಂದ ಹೆಗ್ಡೆಯವರ ಬದುಕು ಬಿಟ್ಟುಹೋದ ಪುನಃಸ್ಥಾಪನೆಯ ಕೆಲಸದಲ್ಲಿ ಬಾಕಿ ಉಳಿದಿರುವ ಭಾಗವಿದು.